ಗಾಳಿಯಲ್ಲೊಂದು ಸೈಟು



ಯಲಹಂಕ, ಹೆಬ್ಬಾಳದ ಕಡೆಯವರಿಗೆ ಸೈಟಿನ ವ್ಯಾಪಾರ ಹೊಸದಲ್ಲ. ದೇವನಹಳ್ಳಿಗೆ ವಿಮಾನ ನಿಲ್ದಾಣ ಬರುತ್ತದೆಂಬ ಸುದ್ದಿ ಹಬ್ಬಿದ್ದೇ ತಡ, 2008ರಲ್ಲಿ ಅದು ಆರಂಭವಾಗುವ ಎಷ್ಟೋ ಮೊದಲೇ, ರಾಗಿ ಹೊಲದಲ್ಲಿ ಕಲ್ಲು ನೆಟ್ಟು ಮಾರಿದವರಿದ್ದರು, ಕೊಂಡವರೂ ಇದ್ದರು. ತರಂಗಾಂತರದ ಹರಾಜು ತಿಳಿಯಲು ಆ ಅನುಭವವೇ ಸಾಕು. ಇಲ್ಲಿ ಮಾರುವುದು ಮಣ್ಣಲ್ಲ, ರೇಡಿಯೊ ಅಲೆಗಳನ್ನು ಇಪ್ಪತ್ತು ವರ್ಷ ಬಳಸುವ ಅನುಮತಿ.

2010ರ ಮೇ 24ರಂದು ಕೇಂದ್ರ ಸರ್ಕಾರ ವೈರ್‌ಲೆಸ್ ಬ್ರಾಡ್‌ಬ್ಯಾಂಡ್ ಅಲೆಗಳನ್ನು ಹರಾಜಿಗಿಟ್ಟಿತು. 16 ದಿನ, 117 ಸುತ್ತು ಕೂಗಾಟ ನಡೆಯಿತು. ಕರ್ನಾಟಕ ವಲಯದ ಬೆಲೆ ಸುಮಾರು 1,543 ಕೋಟಿ ರೂಪಾಯಿಗೆ ನಿಂತಿತು. ಗೆದ್ದವರಲ್ಲಿ ಒಂದು ಏರ್‌ಟೆಲ್. ಇನ್ನೊಂದು, ಹೆಚ್ಚಿನವರು ಹೆಸರೇ ಕೇಳಿರದ ಇನ್ಫೋಟೆಲ್. ದೇಶದ 22 ವಲಯಗಳನ್ನೂ 12,848 ಕೋಟಿಗೆ ಗೆದ್ದದ್ದು ಅದೊಂದೇ. ಹರಾಜು ಮುಗಿದ ಜೂನ್ 11ರಂದೇ ರಿಲಯನ್ಸ್ ಇಂಡಸ್ಟ್ರೀಸ್, ಆ ಕಂಪನಿಯ ಶೇ 95 ಪಾಲನ್ನು 4,800 ಕೋಟಿಗೆ ಪಡೆಯುವುದಾಗಿ ಪ್ರಕಟಿಸಿತು.

ಇಂಥ ಸುದ್ದಿಗೆ ಷೇರುಪೇಟೆಯ ಕಿವಿ ನೆಟ್ಟಗಾಗುವುದು ಸಹಜ. ಆದರೆ ಸೈಟು ಕೊಳ್ಳುವವನು ಖಾತೆ ನೋಡುತ್ತಾನೆ; ಷೇರು ಕೊಳ್ಳುವವನು ನೋಡುವುದು ಅಪರೂಪ. ಇನ್ಫೋಟೆಲ್‌ನದು ಇಂಟರ್‌ನೆಟ್ ಸೇವೆಯ ಲೈಸೆನ್ಸು. ಮಾಮೂಲು ಫೋನಿನ ಮಾತುಕತೆಗೆ ಅದರಲ್ಲಿ ಅವಕಾಶವಿರಲಿಲ್ಲ. 2013ರಲ್ಲಿ 1,658 ಕೋಟಿ ಕಟ್ಟಿದ ಮೇಲೆ ಆ ಹಕ್ಕು ಬಂತು, ಕೃಷಿ ಭೂಮಿಗೆ ಪರಿವರ್ತನೆ ಶುಲ್ಕ ಕಟ್ಟಿದ ಹಾಗೆ. ಆ ಮೊತ್ತ ಸಾಲದೆಂದು ಸಿಎಜಿ ಆಕ್ಷೇಪಿಸಿತು. ಸುಪ್ರೀಂ ಕೋರ್ಟು 2016ರಲ್ಲಿ ಈ ಕುರಿತ ಅರ್ಜಿಯನ್ನು ವಜಾ ಮಾಡಿತು.

ಅಲೆಯ ಗುಣವೂ ಮುಖ್ಯ. ಅಂದು ಮಾರಿದ 2,300 ಮೆಗಾಹರ್ಟ್ಸ್ ಅಲೆ ಹೆಚ್ಚು ಮಾಹಿತಿ ಹೊರುತ್ತದೆ, ಆದರೆ ಗೋಡೆಗೆ ಬೇಗ ಸೋಲುತ್ತದೆ. ಆರ್.ಟಿ. ನಗರದಂಥ ಒತ್ತಾದ ಬಡಾವಣೆಯಲ್ಲಿ ಟವರುಗಳು ಹತ್ತಿರ ಹತ್ತಿರ ಬೇಕು. ಹರಾಜಿನ ಹಣದ ಮೇಲೆ ಇದು ಬೇರೆ ಖರ್ಚು! ಏರ್‌ಟೆಲ್ 2012ರ ಮೇ ತಿಂಗಳಲ್ಲಿ ಬೆಂಗಳೂರಿಗೆ 4ಜಿ ತಂದಿತು. ರಿಲಯನ್ಸ್‌ನ ಜಿಯೊ ಸೇವೆ ಶುರುವಾದದ್ದು 2016ರ ಸೆಪ್ಟೆಂಬರಿನಲ್ಲಿ.

ಆರು ವರ್ಷ ಕಾಯುವ ಶಕ್ತಿ ಎಲ್ಲರಿಗಿಲ್ಲ. ಅದೇ ಹರಾಜಿನಲ್ಲಿ ಎಂಟು ವಲಯಗಳಿಗೆ 3,438 ಕೋಟಿ ಸುರಿದ ಏರ್‌ಸೆಲ್, 2016ರಲ್ಲಿ ಅವನ್ನು ಏರ್‌ಟೆಲ್‌ಗೆ 3,500 ಕೋಟಿಗೆ ಮಾರಲು ಒಪ್ಪಿತು. ಬಡ್ಡಿಯ ಲೆಕ್ಕ ನೀವೇ ಹಾಕಿ. 2018ರಲ್ಲಿ ಆ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು.

ಬೆಲೆ ಏರುತ್ತಲೇ ಹೋಗುತ್ತದೆಂದು ಸರ್ಕಾರವೂ ನಂಬಿತ್ತು. 2012ರ ನವೆಂಬರಿನಲ್ಲಿ 1,800 ಮೆಗಾಹರ್ಟ್ಸ್ ಅಲೆಗಳ ಹರಾಜು ನಡೆದಾಗ ಕರ್ನಾಟಕ ವಲಯಕ್ಕೆ ಒಬ್ಬರೂ ಕೂಗಲಿಲ್ಲ. ಕನಿಷ್ಠ ಬೆಲೆಯನ್ನು ಶೇ 30ರಷ್ಟು ಇಳಿಸಿ 2013ರ ಮಾರ್ಚಿನಲ್ಲಿ ಮತ್ತೆ ಕರೆದರೂ ಯಾರೂ ಬರಲಿಲ್ಲ. ಕೊಳ್ಳುವವರು ಸಿಕ್ಕಿದ್ದು 2014ರ ಫೆಬ್ರುವರಿಯಲ್ಲಿ.