ಬಚ್ಚಲಿನ ಮೂರ್ಛೆಯನ್ನು ಬಚ್ಚಿಡಬೇಡಿ

(ನಂಜನಗೂಡು, ಟಿ. ನರಸೀಪುರ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಹಂಡೆಯ ಬಿಸಿನೀರನ್ನು ಚೊಂಬಿನಲ್ಲಿ ಮೊಗೆದು ತಲೆಗೆ ಹುಯ್ಯುವಾಗ ಕೆಲವು ಮಕ್ಕಳು ಮಂಕಾಗಿಬಿಡುತ್ತಾರೆ, ಮಾತು ನಿಲ್ಲುತ್ತೆ, ಕೈಕಾಲು ಸೆಟೆಯುತ್ತೆ. ನಾವು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸುತ್ತೇವೆ. ನಾಳೆ ಮದುವೆಗೆ ತೊಂದರೆ ಅಂತ ಯಾರಿಗೂ ಹೇಳೋದಿಲ್ಲ.

ಇದು ಗಾಳಿಯಲ್ಲ, ಬಿಸಿನೀರಿನ ಮೂರ್ಛೆರೋಗ. ನಮ್ಮ ದೇಶದ ವೈದ್ಯರು 1968ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ದಕ್ಷಿಣ ಕರ್ನಾಟಕದಲ್ಲಿ, ಅದರಲ್ಲೂ ನಮ್ಮ ಮೈಸೂರು ಸೀಮೆಯಲ್ಲಿ ಇದು ಹೆಚ್ಚು. ಕೆಲವು ಮನೆತನಗಳಲ್ಲಿ ವಂಶವಾಹಿಯಿಂದ ಬರುತ್ತದೆಂದು ಬೆಂಗಳೂರಿನ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಹಾಗಂತ ಸೊಸೆಯ ತವರನ್ನು ದೂರಬೇಡಿ. ಇದು ಯಾರ ತಪ್ಪೂ ಅಲ್ಲ.

ನೀರು ಉಗುರುಬೆಚ್ಚಗಿರಲಿ. ತಲೆಗೆ ಒಂದೇ ಸಮ ಹುಯ್ಯಬೇಡಿ. ಮಗುವನ್ನು ಒಂಟಿಯಾಗಿ ಬಚ್ಚಲಿಗೆ ಬಿಡಬೇಡಿ. ಮೂರ್ಛೆ ಬಂದರೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲೋದಿಲ್ಲ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ನರರೋಗ ತಜ್ಞರಿಗೆ ತಪ್ಪದೆ ತೋರಿಸಿ. ಕೆಲವರಿಗೆ ಸ್ನಾನಕ್ಕೆ ಮುಂಚೆ ನುಂಗುವ ಮಾತ್ರೆಯೇ ಸಾಕಾಗುತ್ತೆ, ಕೆಲವರಿಗೆ ದಿನವೂ ಬೇಕು. ವೈದ್ಯರು ಹೇಳದೆ ನಿಲ್ಲಿಸಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಕಾಯಿಲೆ ಬಲ್ಲ ತಜ್ಞರಿದ್ದಾರೆ. ಮಗುವಿನ ಮಾತು ಹಿಂದುಳಿದಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಿದೆ. ಶಾಲೆಯ ಟೀಚರಿಗೂ ವಿಷಯ ತಿಳಿಸಿ. ಡಾಕ್ಟರು, ಟೀಚರು, ತಾಯಿ ಮೂವರೂ ಕೂಡಿದರೇನೇ ಆರೈಕೆ ಪೂರ್ತಿ.

ಮುಂದಿನ ವಾರ ಉಳಿತಾಯದ ಲೆಕ್ಕ ಮುಗಿದ ಮೇಲೆ ಸಂಘದಲ್ಲಿ ಈ ಮಾತು ಎತ್ತೋಣ. ಆಸ್ಪತ್ರೆಗೆ ಹೊರಟ ತಾಯಿಗೆ ಬಸ್ ಚಾರ್ಜಿಗೆ ಸಾಲ ಕೊಡೋಣ, ಜೊತೆಗೊಬ್ಬರು ಹೋಗೋಣ. ಬಚ್ಚಿಟ್ಟರೆ ಕಾಯಿಲೆ ಉಳಿಯುತ್ತೆ, ಹೇಳಿಕೊಂಡರೆ ಮಗು ಉಳಿಯುತ್ತೆ.