ಶ್ರೀರಂಗಪಟ್ಟಣದ ಸೆರೆಯವರು ಮತ್ತು ನಮ್ಮ ಮೃತರ ಸ್ಮರಣೆ

(ನವೆಂಬರ್ ತಿಂಗಳ ಮೃತರ ಸ್ಮರಣೆಯ ಅಂಗವಾಗಿ ಉತ್ತರಹಳ್ಳಿಯಲ್ಲಿ ನೀಡಿದ ಉಪನ್ಯಾಸ)



ಕೆಲವು ವಾರಗಳ ಹಿಂದೆ, ಭಾನುವಾರದ ಬಲಿಪೂಜೆ ಮುಗಿದ ಮೇಲೆ, ನಮ್ಮ ಉತ್ತರಹಳ್ಳಿಯಲ್ಲಿಯೇ ನೆಲೆಸಿರುವ ಮಂಗಳೂರು ಮೂಲದ ವೃದ್ಧೆಯೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. "ಮೇಷ್ಟ್ರೇ, ನಮ್ಮ ವಂಶದ ಹಿರಿಯರೊಬ್ಬರು ಟಿಪ್ಪುವಿನ ಕಾಲದಲ್ಲಿ ಪಟ್ಟಣದ ಸೆರೆಯಲ್ಲಿ ಧರ್ಮ ಬಿಟ್ಟರಂತೆ. ಅಲ್ಲಿಯೇ ತೀರಿಕೊಂಡರಂತೆ. ಅಂಥವರ ಹೆಸರಿನಲ್ಲಿ ಪೂಜೆ ಮಾಡಿಸಬಹುದೇ?" ಎಂದು ಕೇಳಿದರು. ಇನ್ನೂರು ವರುಷ ದಾಟಿದ ಮೇಲೂ ಆ ಮನೆತನದಲ್ಲಿ ಈ ಸಂಕೋಚ ಉಳಿದಿತ್ತು. ಅವರಿಗೆ ಅಂದು ಅರ್ಧಂಬರ್ಧ ಉತ್ತರ ಕೊಟ್ಟು ಕಳುಹಿಸಿದೆ. ಪೂರ್ತಿ ಉತ್ತರವನ್ನು ಇಂದು ತಮ್ಮೆಲ್ಲರ ಸಮ್ಮುಖದಲ್ಲಿ ಹೇಳಲು ಯತ್ನಿಸುತ್ತೇನೆ.

ಇಲ್ಲಿಂದ ಕೆಂಗೇರಿಯ ದಾರಿ ಹಿಡಿದು ಮೈಸೂರು ರಸ್ತೆಯನ್ನು ಸೇರಿದರೆ ಶ್ರೀರಂಗಪಟ್ಟಣ ದೂರವೇನಲ್ಲ. ನಾವು ಆ ಊರನ್ನು ಕೋಟೆಗಾಗಿ, ರಂಗನಾಥನ ಗುಡಿಗಾಗಿ, ಕಾವೇರಿಗಾಗಿ ನೋಡಿ ಬರುತ್ತೇವೆ. ಕರಾವಳಿಯ ಕ್ರೈಸ್ತರ ನೆನಪಿನಲ್ಲಾದರೋ ಅದು ಸೆರೆಯ ಊರು. 1784ರಲ್ಲಿ ಮಂಗಳೂರಿನ ಯುದ್ಧ ಮುಗಿಯುವ ವೇಳೆಗೆ, ಕೆನರಾದ ಕ್ರೈಸ್ತರು ಆಂಗ್ಲರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನು ಅವರನ್ನು ಸೆರೆಹಿಡಿಸಿದನು. ಅದು ನಡೆದದ್ದು ವಿಭೂತಿ ಬುಧವಾರದಂದು ಎಂಬುದು ಪರಂಪರೆಯಿಂದ ಬಂದ ಮಾತು. ಹಣೆಯ ಮೇಲಿನ ಬೂದಿ ಅಳಿಯುವ ಮುನ್ನವೇ ಮುದುಕರು, ಬಸುರಿಯರು, ಹಸುಗೂಸುಗಳೆನ್ನದೆ ಎಲ್ಲರನ್ನೂ ಒಟ್ಟುಗೂಡಿಸಿ ಘಟ್ಟ ಹತ್ತಿಸಿದರು. ದೇವಾಲಯಗಳನ್ನು ಕೆಡವಲಾಯಿತು. ಸೆರೆಯಾದವರ ಸಂಖ್ಯೆಯನ್ನು ಕೆಲವರು 30,000 ಎನ್ನುತ್ತಾರೆ, ಕೆಲವರು 60,000, ಮತ್ತೆ ಕೆಲವರು 80,000. ನಾನು ಆ ವಾದಕ್ಕೆ ಇಳಿಯುವುದಿಲ್ಲ. ದಾರಿಯಲ್ಲಿ ಬಿದ್ದು ಸತ್ತ ಒಂದು ಮಗುವಿನ ತಾಯಿಗೆ ಲೆಕ್ಕ ಒಂದೇ.

ಇದು ರಾಜಕಾರಣವೋ ಧರ್ಮದ್ವೇಷವೋ ಎಂದು ಚರಿತ್ರಕಾರರು ಇಂದಿಗೂ ಚರ್ಚಿಸುತ್ತಾರೆ. ಚರ್ಚಿಸಲಿ. ಆದರೆ ಈ ಹಳೆಯ ನೋವನ್ನು ಹೇಳುವಾಗ ಇಂದು ನಮ್ಮ ಬೀದಿಯಲ್ಲಿ ಬಾಳುವ ಮುಸಲ್ಮಾನ ನೆರೆಯವರ ಮೇಲೆ ಅದನ್ನು ಹೊರಿಸುವುದು ಪಾಪ. ಇದೇ ಟಿಪ್ಪುವಿನ ತಂದೆ ಹೈದರನಿಗೂ ಫರಂಗಿಪೇಟೆಯ ಮೊಂತೆ ಮರಿಯಾನೊ ಮಠದ ಮಿರಾಂದ ಗುರುಗಳಿಗೂ ಗೆಳೆತನವಿತ್ತು. ಸೆರೆಯಿಂದ ತಪ್ಪಿಸಿಕೊಂಡು ಬಂದವರಿಗೆ ಆಸರೆ ಕೊಟ್ಟವರೂ ಕ್ರೈಸ್ತರಲ್ಲ. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನು ಅವರಿಗೆ ಭೂಮಿ ಕೊಟ್ಟನು. ವೀರರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯ 1792ರಲ್ಲಿ ಹುಟ್ಟಿದ್ದು ಹೀಗೆ.

ಇನ್ನು ಆ ವೃದ್ಧೆಯ ಪ್ರಶ್ನೆಗೆ ಬರೋಣ. ಸೆರೆಯವರಲ್ಲಿ ಅನೇಕರು ಹಸಿವು, ರೋಗ, ಪೆಟ್ಟುಗಳಿಂದ ಸತ್ತರು. ಅನೇಕರನ್ನು ಬಲಾತ್ಕಾರದಿಂದ ಮತಾಂತರಿಸಿ, ಗಂಡಸರನ್ನು ಸೈನ್ಯಕ್ಕೆ ಸೇರಿಸಲಾಯಿತು. 1799ರ ಮೇ 4ರಂದು ಕೋಟೆ ಬಿದ್ದಿತು, ಟಿಪ್ಪು ಮಡಿದನು. ಹದಿನೈದು ವರುಷಗಳ ಸೆರೆ ತೆರೆಯಿತು. ಆಗ ಆಂಗ್ಲ ಅಧಿಕಾರಿಗಳ ಆಹ್ವಾನದ ಮೇಲೆ, ಚದುರಿಹೋದ ಕ್ರೈಸ್ತರನ್ನು ಮತ್ತೆ ಕೂಡಿಸಲು ಶ್ರೀರಂಗಪಟ್ಟಣಕ್ಕೆ ಬಂದವರು ಅಬ್ಬೆ ದುಬಾಯ್. ನಮ್ಮ ಜನ ಅವರನ್ನು "ದೊಡ್ಡ ಸ್ವಾಮಿಯವರು" ಎಂದು ಕರೆದರು. ಧರ್ಮ ಬಿಟ್ಟಿದ್ದವರು ಅವರ ಬಳಿಗೆ ಬಂದರು. ಅವರು ಬಂದವರನ್ನು ಧರ್ಮಸಭೆಯ ಮಡಿಲಿಗೆ ಮತ್ತೆ ಸೇರಿಸಿಕೊಂಡರು. ಗಂಜಾಮಿನಲ್ಲಿ ಅವರ ಹೆಸರಿನಿಂದಲೇ ಪ್ರಸಿದ್ಧವಾದ ದೇವಾಲಯ ಇಂದಿಗೂ ಇದೆ.

ಇದೇ ದೊಡ್ಡ ಸ್ವಾಮಿಯವರು ತಾಯ್ನಾಡಿಗೆ ಮರಳಿದ 1823ರಲ್ಲಿಯೇ, ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಯನ್ನು ಕುರಿತ ತಮ್ಮ ಪತ್ರಗಳ ಗ್ರಂಥವನ್ನು ಲಂಡನ್ನಿನಲ್ಲಿ ಪ್ರಕಟಿಸಿದರು. ಅದರಲ್ಲಿ ಒಂದು ಕಠಿಣವಾದ ಮಾತಿದೆ. ಅಷ್ಟು ಸಾವಿರ ಜನರಲ್ಲಿ ವಿಶ್ವಾಸವನ್ನು ಧೈರ್ಯವಾಗಿ ಸಾರಿ ರಕ್ತಸಾಕ್ಷಿಯಾದವನು ಒಬ್ಬನೂ ಇರಲಿಲ್ಲ ಎಂಬುದು ಅದರ ತಾತ್ಪರ್ಯ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ದೊಡ್ಡ ಸ್ವಾಮಿಯವರ ಬಗ್ಗೆ ನನಗೆ ಅಪಾರ ಗೌರವವಿದೆ. ಅವರು ಸಿಡುಬಿಗೆ ದೇವಿ ಹಾಕಿಸಲು ಪಟ್ಟ ಶ್ರಮವನ್ನು ಮರೆಯಲಾಗದು. ಆದರೂ ಈ ಮಾತನ್ನು ಒಪ್ಪಲಾರೆ. ಆ ಗ್ರಂಥದಲ್ಲಿ ಅವರು ಈ ದೇಶದಲ್ಲಿ ಧರ್ಮಪ್ರಚಾರ ಫಲಿಸದೆಂದು ವಾದ ಹೂಡಿದ್ದರು. ವಾದಕ್ಕೆ ನಿಂತವನ ಕೈಯಲ್ಲಿ ತಕ್ಕಡಿ ಸ್ವಲ್ಪ ವಾಲುವುದುಂಟು. ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಅವರೆದುರು ಮೊಣಕಾಲೂರಿದವರು ಬದುಕಿ ಉಳಿದವರು. ಘಟ್ಟದಲ್ಲಿ ಸತ್ತವರು, ಸೆರೆಯಲ್ಲಿ ಬಗ್ಗದೆ ಸತ್ತವರು ಅವರ ಬಳಿ ಪಾಪನಿವೇದನೆಗೆ ಬರಲಿಲ್ಲ. ಬರುವುದಾದರೂ ಹೇಗೆ? ಸತ್ತವರ ಸಾಕ್ಷ್ಯವನ್ನು ಕೇಳದೆಯೇ ತೀರ್ಪು ಬರೆದಂತಾಯಿತು.

ಸರಿ, ನಿಂತವರ ಮಾತಾಯಿತು. ನಿಜವಾಗಿ ಸೋತು, ಸೋತ ಸ್ಥಿತಿಯಲ್ಲಿಯೇ ಸತ್ತವರ ಗತಿಯೇನು? ಹತ್ತಿರ ಗುರುಗಳಿಲ್ಲ, ಪಾಪನಿವೇದನೆ ಇಲ್ಲ, ಅಂತ್ಯ ಸಂಸ್ಕಾರವಿಲ್ಲ, ಶಿಲುಬೆ ನೆಟ್ಟ ಗೋರಿಯೂ ಇಲ್ಲ.

ಇದು ಧರ್ಮಸಭೆಗೆ ಹೊಸ ಪ್ರಶ್ನೆಯಲ್ಲ. ಆಫ್ರಿಕದ ಕಾರ್ಥೇಜ್ ನಗರದಲ್ಲಿ, 203ನೆಯ ಇಸವಿಯಲ್ಲಿ, ಸಂತ ಪೆರ್ಪೆತುವಾ ಎಂಬ ತರುಣಿಯನ್ನು ವಿಶ್ವಾಸಕ್ಕಾಗಿ ಸೆರೆಗೆ ತಳ್ಳಿದರು. ವಯಸ್ಸು ಸುಮಾರು ಇಪ್ಪತ್ತೆರಡು, ಮಡಿಲಲ್ಲಿ ಹಾಲು ಕುಡಿಯುವ ಕೂಸು. ಸೆರೆಯಲ್ಲಿ ಆಕೆಗೆ ಒಂದು ದರ್ಶನವಾಯಿತು. ಏಳು ವರುಷಕ್ಕೇ ಮುಖದ ಹುಣ್ಣಿನಿಂದ ತೀರಿಕೊಂಡಿದ್ದ ತಮ್ಮ ದಿನೋಕ್ರಾತೆಸ್ ಕತ್ತಲೆಯ ಸ್ಥಳದಲ್ಲಿ ಬಾಯಾರಿ ನಿಂತಿದ್ದಾನೆ. ಎದುರಿಗೇ ನೀರಿನ ತೊಟ್ಟಿ ಇದೆ, ಆದರೆ ಅದರ ಅಂಚು ಆ ಬಾಲಕನ ಎತ್ತರಕ್ಕಿಂತ ಮೇಲಿದೆ, ನಿಲುಕುವುದಿಲ್ಲ. ಪೆರ್ಪೆತುವಾ ಹಗಲಿರುಳು ಅವನಿಗಾಗಿ ಪ್ರಾರ್ಥಿಸಿದಳು. ಮತ್ತೊಂದು ದರ್ಶನದಲ್ಲಿ ತೊಟ್ಟಿಯ ಅಂಚು ತಗ್ಗಿತ್ತು. ಮಗು ದಣಿವಾರ ಕುಡಿದು, ಮಕ್ಕಳು ಓಡುವಂತೆ ಆಟಕ್ಕೆ ಓಡಿಹೋಯಿತು. ತಾನೇ ಸಾವಿನ ಹೊಸ್ತಿಲಲ್ಲಿದ್ದವಳು ತನ್ನ ಬಿಡುಗಡೆಯನ್ನು ಕೇಳದೆ ತಮ್ಮನ ದಾಹವನ್ನು ನೆನೆದಳು. ಶುದ್ಧೀಕರಣ ಸ್ಥಳದ ಬಗ್ಗೆ ಮಕ್ಕಳಿಗೆ ಧರ್ಮೋಪದೇಶ ಹೇಳುವಾಗ ನಾನು ಬೆಂಕಿಯ ಚಿತ್ರಕ್ಕಿಂತ ಈ ತೊಟ್ಟಿಯ ಚಿತ್ರವನ್ನೇ ಹೇಳುವುದು.

ಅದೇ ಕಾರ್ಥೇಜಿನಲ್ಲಿ ಸುಮಾರು ಐವತ್ತು ವರುಷಗಳ ತರುವಾಯ, ಚಕ್ರವರ್ತಿ ಡೆಸಿಯಸನ ಹಿಂಸೆಗೆ ಹೆದರಿ ಬಹಳ ಜನ ವಿಗ್ರಹಗಳಿಗೆ ಬಲಿ ಕೊಟ್ಟರು. ಅವರಿಗೆ ಕ್ಷಮೆ ಬೇಡಿ ಪತ್ರ ಬರೆದುಕೊಟ್ಟವರು ಯಾರು ಬಲ್ಲಿರಾ? ಬಗ್ಗದೆ ಸೆರೆಯಲ್ಲಿ ಕುಳಿತಿದ್ದವರೇ. ಪತ್ರಗಳು ಮಿತಿಮೀರಿದಾಗ ಧರ್ಮಾಧ್ಯಕ್ಷರಾದ ಸಂತ ಸಿಪ್ರಿಯನ್ನರು ಪ್ರಾಯಶ್ಚಿತ್ತವಿಲ್ಲದೆ ಸೇರಿಸಿಕೊಳ್ಳಲಾಗದೆಂದು ತಡೆದರು, ನಿಜ. ಆದರೆ ಬಿದ್ದವರಿಗೆ ಬಾಗಿಲನ್ನೇ ಮುಚ್ಚಬೇಕೆಂದ ನೊವಾಸಿಯನನ ಪಕ್ಷವನ್ನು ಧರ್ಮಸಭೆ ತಳ್ಳಿಹಾಕಿತು.

ಮಕ್ಕಬಿಯರ ಎರಡನೆಯ ಗ್ರಂಥದ ಹನ್ನೆರಡನೆಯ ಅಧ್ಯಾಯವನ್ನು ಮನೆಯಲ್ಲಿ ಓದಿ ನೋಡಿ. ಮೃತರಿಗಾಗಿ ಪ್ರಾರ್ಥಿಸಲು ನಾವು ಆಧಾರವಾಗಿ ತೋರಿಸುವ ಭಾಗ ಅದೇ. ಯೂದನು 2,000 ಬೆಳ್ಳಿ ನಾಣ್ಯಗಳನ್ನು ಕೂಡಿಸಿ ಜೆರುಸಲೇಮಿಗೆ ಕಳುಹಿಸಿದ್ದು ಯಾರಿಗಾಗಿ? ರಣರಂಗದಲ್ಲಿ ಸತ್ತ ತನ್ನ ಸೈನಿಕರಿಗಾಗಿ. ಅವರ ಅಂಗಿಗಳೊಳಗೆ ಅನ್ಯದೇವತೆಗಳ ತಾಯಿತಗಳು ಸಿಕ್ಕಿದ್ದವು. ನಿಷ್ಕಳಂಕರಾದ ವೀರರಿಗಾಗಿ ಅಲ್ಲ, ತಪ್ಪು ಮೈಮೇಲಿರುವಾಗಲೇ ಸತ್ತವರಿಗಾಗಿ ಆ ಬಲಿ ಸಂದಿತು. ಸಂತ ಪೇತ್ರರ ಮೊದಲನೆಯ ಪತ್ರವೂ ಕ್ರಿಸ್ತರು ಸೆರೆಯಲ್ಲಿದ್ದ ಆತ್ಮಗಳ ಬಳಿಗೆ ಹೋಗಿ ಸಾರಿದರೆಂದು ಹೇಳುತ್ತದೆ. ಅದನ್ನು ಬರೆದ ಪೇತ್ರರು ಯಾರು? ಚಳಿ ಕಾಯಿಸಿಕೊಳ್ಳುತ್ತ, ಒಬ್ಬ ದಾಸಿಯ ಮಾತಿಗೆ ಹೆದರಿ, ಪ್ರಭುವನ್ನು ಅರಿಯೆನೆಂದವರು.

ಆದ್ದರಿಂದ ತಾಯಿ, ತಾವು ಇಲ್ಲಿ ಕುಳಿತಿದ್ದರೆ ಕೇಳಿ: ಧಾರಾಳವಾಗಿ ಪೂಜೆ ಮಾಡಿಸಬಹುದು. ತಮ್ಮ ಹಿರಿಯರ ಕೊನೆಯ ಉಸಿರಿನಲ್ಲಿ ಏನಿತ್ತೆಂಬುದನ್ನು ದೇವರು ಮಾತ್ರ ಬಲ್ಲರು.

ಈ ತಿಂಗಳಿನ ಬಲಿಪೂಜೆಗಳಿಗೆ ಮೃತರ ಹೆಸರು ಬರೆಯಲು ಬಾಗಿಲ ಬಳಿ ಪಟ್ಟಿ ಇಟ್ಟಿದ್ದಾರೆ. ಹಾರೋಬೆಲೆಯ ಕಡೆಯವರು, ಕರಾವಳಿಯವರು, ತಮಿಳು ಸೀಮೆಯಿಂದ ಬಂದವರು, ಎಲ್ಲರೂ ತಮ್ಮ ತಮ್ಮವರ ಹೆಸರು ಬರೆದಿದ್ದೀರಿ. ಕೊನೆಯಲ್ಲಿ ಒಂದು ಸಾಲು ಸೇರಿಸಲು ಗುರುಗಳನ್ನು ಕೇಳಿಕೊಂಡೆ, ಅವರು ಒಪ್ಪಿ ಸ್ವಹಸ್ತದಿಂದ ಬರೆದಿದ್ದಾರೆ: "1784ರಿಂದ 1799ರವರೆಗೆ ಶ್ರೀರಂಗಪಟ್ಟಣದ ದಾರಿಯಲ್ಲಿಯೂ ಸೆರೆಯಲ್ಲಿಯೂ ಮೃತರಾದವರು, ನಿಂತವರು ಮತ್ತು ಬಿದ್ದವರು." ಬರುವ ಶನಿವಾರ ಸಂಜೆಯ ಪೂಜೆ ಅವರಿಗಾಗಿ.