ರೈಲು ನಿಲ್ಲದ ಆಡ್ಲ್‌ಸ್ಟ್ರಾಪ್

ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಸೀಮೆಯ ಆಡ್ಲ್‌ಸ್ಟ್ರಾಪ್ ಎಂಬ ಕಿರುಗ್ರಾಮವನ್ನು ನಾನು ಕಂಡವನಲ್ಲ. ಆದರೂ ಅಲ್ಲಿನ ರೈಲು ನಿಲ್ದಾಣದ ಕಥೆ ಬಹುಕಾಲದಿಂದ ನನ್ನ ಮನಸ್ಸಿನಲ್ಲಿ ಉಳಿದಿದೆ.

ಆಕ್ಸ್‌ಫರ್ಡ್, ವೂಸ್ಟರ್ ಮತ್ತು ವುಲ್ವರ್‌ಹ್ಯಾಂಪ್ಟನ್ ರೈಲ್ವೆ ಎಂಬ ಕಂಪನಿ ಹಾಕಿದ ಹಳಿಯ ಮೇಲೆ 1853ರಲ್ಲಿ ಆ ನಿಲ್ದಾಣ ತೆರೆಯಿತು. ಕಂಪನಿಯ ಹೆಸರಿನ ಮೊದಲಕ್ಷರಗಳನ್ನು ಹಿಡಿದು ಜನರು ಅದನ್ನು ‘ಓಲ್ಡ್ ವರ್ಸ್ ಅಂಡ್ ವರ್ಸ್’, ಎಂದರೆ ದಿನದಿನಕ್ಕೆ ಹದಗೆಡುವ ಮುದಿ ರೈಲ್ವೆ, ಎಂದು ಗೇಲಿ ಮಾಡುತ್ತಿದ್ದರು. ಹಳಿಯ ಮೇಲೆ ಓಡುವುದನ್ನು ಹಳಿಯುವುದು ಎಲ್ಲ ದೇಶಗಳಿಗೂ ಸಮಾನವೆಂದು ತೋರುತ್ತದೆ! 1863ರಲ್ಲಿ ಈ ಮಾರ್ಗ ಗ್ರೇಟ್ ವೆಸ್ಟರ್ನ್ ರೈಲ್ವೆಯ ಪಾಲಾಯಿತು.

ಇಂಥ ನಿಲ್ದಾಣಗಳು ಆ ದೇಶದಲ್ಲಿ ಸಾವಿರಾರು ಇದ್ದವು. 1914ರ ಜೂನ್ 24ರಂದು ಎಡ್ವರ್ಡ್ ಥಾಮಸ್ ಕುಳಿತಿದ್ದ ರೈಲು ಇಲ್ಲಿ ನಿಂತಿರದಿದ್ದರೆ ಇದನ್ನೂ ಯಾರೂ ನೆನೆಯುತ್ತಿರಲಿಲ್ಲ. ಥಾಮಸ್ ಆಗಿನ್ನೂ ಕವಿಯಲ್ಲ. ಹೊಟ್ಟೆಪಾಡಿಗಾಗಿ ಗದ್ಯವನ್ನೂ ಪುಸ್ತಕ ವಿಮರ್ಶೆಗಳನ್ನೂ ಬರೆಯುತ್ತಿದ್ದ ಮೂವತ್ತಾರರ ಗೃಹಸ್ಥ. ಕಂಡದ್ದನ್ನು ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಂಡ. ನಾಲ್ಕು ದಿನಗಳಲ್ಲಿ ಸರಾಯೆವೋದಲ್ಲಿ ಗುಂಡು ಹಾರಿತು. ಆಗಸ್ಟ್ ವೇಳೆಗೆ ಯೂರೋಪು ಯುದ್ಧದಲ್ಲಿತ್ತು. 1915ರ ಜನವರಿಯಲ್ಲಿ ಆ ಟಿಪ್ಪಣಿಯೇ ‘ಆಡ್ಲ್‌ಸ್ಟ್ರಾಪ್’ ಎಂಬ ಹದಿನಾರು ಸಾಲುಗಳ ಪದ್ಯವಾಯಿತು. ಅದರಲ್ಲಿ ಘಟನೆಯೆಂಬುದೇ ಇಲ್ಲ. ಯುದ್ಧದ ಸೊಲ್ಲೂ ಇಲ್ಲ. ಓದುವವರಿಗೆ ಮಾತ್ರ ಆ ಮಧ್ಯಾಹ್ನದ ನಿಶ್ಶಬ್ದದ ಹಿಂದೆ ಫಿರಂಗಿ ಕೇಳಿಸದಿರದು. 1917ರ ಏಪ್ರಿಲ್ 9ರಂದು ಥಾಮಸ್ ಅರಾಸ್ ರಣಭೂಮಿಯಲ್ಲಿ ಮಡಿದ. ಪದ್ಯ ‘ನ್ಯೂ ಸ್ಟೇಟ್ಸ್‌ಮನ್’ ಪತ್ರಿಕೆಯಲ್ಲಿ ಅಚ್ಚಾದದ್ದು ಅದೇ ತಿಂಗಳು, ಅವನು ಹೋದ ಮೇಲೆ.

ಕೇಳುಗರೆ, ಇಲ್ಲೊಂದು ವಿಪರ್ಯಾಸವಿದೆ. ಕವಿಗೆ ಒದಗಿಬಂದದ್ದು ನಿಲ್ದಾಣದ ನಿರ್ಜನತೆ. ಅರ್ಧ ಶತಮಾನದ ಬಳಿಕ ನಿಲ್ದಾಣಕ್ಕೆ ಮುಳುವಾದದ್ದೂ ಅದೇ. ಬ್ರಿಟಿಷ್ ರೈಲ್ವೆಯ ಅಧ್ಯಕ್ಷ ರಿಚರ್ಡ್ ಬೀಚಿಂಗ್ 1963ರಲ್ಲಿ ಒಪ್ಪಿಸಿದ ವರದಿ 2,363 ನಿಲ್ದಾಣಗಳನ್ನು ಮುಚ್ಚಬೇಕೆಂದಿತು. ಒಟ್ಟು ರೈಲುಮಾರ್ಗದ ಮೂರನೆಯ ಒಂದು ಭಾಗದಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ಪ್ರಯಾಣಿಕ ಸಂಚಾರವಿದೆಯೆಂಬುದು ಅದರ ಲೆಕ್ಕ. ಬೀಚಿಂಗನನ್ನು ಖಳನಾಯಕನೆಂದು ಬಣ್ಣಿಸುವುದು ಅಲ್ಲಿನ ವಾಡಿಕೆ. ನನಗೇಕೋ ಅದು ಪೂರ್ತಿ ಒಪ್ಪಿಗೆಯಾಗದು. ರೈಲ್ವೆಗೆ ನಷ್ಟವಾಗುತ್ತಿದ್ದುದು ನಿಜ. ಆದರೆ ವಾರಕ್ಕೊಮ್ಮೆ ಪೇಟೆಗೆ ಹೋಗುವ ಮುದುಕಿಗೆ ಆ ನಿಲ್ದಾಣ ಏನಾಗಿತ್ತೆಂಬುದಕ್ಕೆ ಆ ಲೆಕ್ಕದಲ್ಲಿ ಕಲಮು ಇರಲಿಲ್ಲ.

1966ರ ಜನವರಿಯಲ್ಲಿ ಆಡ್ಲ್‌ಸ್ಟ್ರಾಪ್ ನಿಲ್ದಾಣ ಮುಚ್ಚಿತು. ಹಳಿ ಉಳಿಯಿತು, ಲಂಡನ್ನಿನಿಂದ ವೂಸ್ಟರಿಗೆ ಹೋಗುವ ರೈಲುಗಳು ಈಗಲೂ ಅಲ್ಲಿ ನಿಲ್ಲದೆ ಹಾದುಹೋಗುತ್ತವೆ. ನಿಲ್ದಾಣದ ಹೆಸರು ಹೊತ್ತ ದೊಡ್ಡ ಹಲಗೆಯನ್ನೂ ಪ್ಲಾಟ್‌ಫಾರಮ್ಮಿನ ಬೆಂಚನ್ನೂ ಗ್ರಾಮಸ್ಥರು ಊರೊಳಗೆ ತಂದು ಬಸ್ಸಿನ ತಂಗುದಾಣದಲ್ಲಿ ಇರಿಸಿದ್ದಾರೆ. ಬೆಂಚಿನ ಮೇಲಿನ ಫಲಕದಲ್ಲಿ ಥಾಮಸನ ಪದ್ಯವಿದೆ.